ಕಟ್ಟಿಸಿಕೊಡುವ ಜೀಪಿಗೆ ಅಡ್ವಾನ್ಸ್ ಹಾಕುವ ಮೊದಲು ಇದನ್ನು ಓದಿ

ನಿನ್ನೆ ರಾತ್ರಿ ಅದೇ ಜಾಹೀರಾತು ಮತ್ತೆ ಕಣ್ಣಿಗೆ ಬಿತ್ತು. ಅದೇ ಶೆಡ್ಡು, ಅದೇ ಹಿಂದಿನ ಗೋಡೆ, ನಿಲ್ಲಿಸಿರುವ ಜೀಪಿನ ಬಣ್ಣ ಮಾತ್ರ ಬೇರೆ. "ಫುಲ್ ಕಂಡೀಷನ್, ಫೋರ್ ಬೈ ಫೋರ್, ಪೇಪರ್ ಕ್ಲಿಯರ್, ನಿಮಗೆ ಬೇಕಾದ ಹಾಗೆ ಕಟ್ಟಿಸಿಕೊಡಲಾಗುವುದು." ಫೋರ್ ಬೈ ಫೋರ್ ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಗಾಡಿ. ಕೆಳಗೆ ಹತ್ತಾರು ಜನ ರೇಟ್ ಕೇಳಿದ್ದಾರೆ. ಇಷ್ಟು ದಿನ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಇನ್ನೂ ಸುಮ್ಮನಿದ್ದರೆ ಆ ಹತ್ತಾರು ಜನರಲ್ಲಿ ಒಬ್ಬರಾದರೂ ನನ್ನ ಹಾಗೆ ದುಡ್ಡು ಕಳೆದುಕೊಳ್ಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಹಾಸನ. ನಮ್ಮ ತಂದೆ ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿದ್ದವರು. ಆ ಎಸ್ಟೇಟಿನ ಹಳೇ ಪೆಟ್ರೋಲ್ ಜೀಪಿನ ಹಿಂದುಗಡೆ ಗೊಬ್ಬರದ ಮೂಟೆಗಳ ಮೇಲೆ ಕೂತು ನಾನು ಶಾಲೆಗೆ ಹೋಗಿದ್ದೇನೆ. ಒಂದು ಜೀಪ್ ಇರಬೇಕು, ಶನಿವಾರ ಭಾನುವಾರ ಬಿಸಿಲೆ ಘಾಟಿನ ಕಡೆಗೋ ಮೂಡಿಗೆರೆ ಕಡೆಗೋ ಹೋಗಬೇಕು, ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಬೇಕು. ಇಷ್ಟೇ ಆಸೆ. ಹೊಸ ಮಹೀಂದ್ರಾ ಥಾರ್ ಆಗ ಹತ್ತು ಲಕ್ಷದ ಮೇಲೆ ಇತ್ತು. ವಾರಕ್ಕೊಂದು ದಿನದ ಓಡಾಟಕ್ಕೆ ಅಷ್ಟು ಸಾಲ ಮಾಡಲು ನನ್ನಿಂದ ಆಗಲಿಲ್ಲ.

ಕಳೆದ ವರ್ಷ ಗೌರಿ ಹಬ್ಬದ ಹೊತ್ತಿಗೆ ಈ ಜಾಹೀರಾತು ನೋಡಿದೆ. ಬೆಂಗಳೂರಿನ ಹೊರವಲಯದಲ್ಲಿ ಗ್ಯಾರೇಜು. ಫೋನ್ ಮಾಡಿದರೆ ಎಷ್ಟು ಚೆನ್ನಾಗಿ ಮಾತಾಡಿದ! "ಅಣ್ಣ, ಹಳೇ ಜೀಪ್ ತರ್ತೀವಿ, ಚಾಸಿ ಅದೇ, ನಂಬರ್ ಅದೇ. ಮರಳು ಹೊಡೆಸಿ ತುಕ್ಕು ತೆಗೆಸಿ ಪೇಂಟ್ ಮಾಡ್ತೀವಿ. ಬಾಡಿ ಮಾತ್ರ ಡಬ್ವಾಲಿಯಿಂದ ಹೊಸದು ತರಿಸ್ತೀವಿ. ಎಂಜಿನ್ ಪಿಕಪ್‌ದು ಡಿಐ ಡೀಸೆಲ್ ಕೂರಿಸ್ತೀವಿ. ಆರ್‌ಸಿಯಲ್ಲಿ ಎಲ್ಲಾ ಎಂಟ್ರಿ ಮಾಡಿಸಿ ನಿಮ್ಮ ಹೆಸರಿಗೆ ಮಾಡಿಕೊಡೋದು ನಮ್ಮ ಜವಾಬ್ದಾರಿ." ಚಾಸಿ ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು, ಗಾಡಿಯ ಗುರುತಿನ ನಂಬರ್ ಕೊರೆದಿರುವುದು ಅದರ ಮೇಲೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಜೀಪ್ ಕಟ್ಟುವ ಗ್ಯಾರೇಜುಗಳು ಇವೆ ಅನ್ನುವುದು ಜೀಪ್ ಹುಚ್ಚು ಇರುವ ಎಲ್ಲರಿಗೂ ಗೊತ್ತು. ಆ ಊರಿನ ಹೆಸರು ಹೇಳಿದ ತಕ್ಷಣ ಇವನಿಗೆ ಕೆಲಸ ಗೊತ್ತಿದೆ ಅಂದುಕೊಂಡುಬಿಟ್ಟೆ. ಇವನು ಅಲ್ಲಿಂದ ಏನು ತರಿಸಿದನೋ, ಏನನ್ನು ಇಲ್ಲೇ ತಗಡು ಬಡಿದನೋ, ಇವತ್ತಿಗೂ ನನಗೆ ತಿಳಿಯದು. ಆ ಊರಿನವರನ್ನು ನಾನು ದೂರುತ್ತಿಲ್ಲ.

ಒಪ್ಪಂದ 3,60,000 ರೂಪಾಯಿ. ಅಡ್ವಾನ್ಸ್ ಒಂದು ಲಕ್ಷ. ಬಾಡಿ ಬಂತು ಅಂತ ಫೋಟೋ ಕಳಿಸಿ ಇನ್ನೊಂದೂವರೆ ಲಕ್ಷ. 45 ದಿನ ಅಂದಿದ್ದವನು ನಾಲ್ಕು ತಿಂಗಳು ಎಳೆದ. ದಸರಾ ಅಂದ, ದೀಪಾವಳಿ ಅಂದ, ಪೇಂಟರ್ ಊರಿಗೆ ಹೋದ ಅಂದ. ಕೊನೆಗೆ ಸಂಕ್ರಾಂತಿಯ ಹಿಂದಿನ ದಿನ ರಾತ್ರಿ ಒಂಬತ್ತೂವರೆಗೆ ಟೋಯಿಂಗ್ ಲಾರಿ ಮೇಲೆ ಜೀಪ್ ಬಂತು. ಓಡಿಸಿಕೊಂಡೇ ಬರಬಹುದಿತ್ತಲ್ಲ ಅಂದೆ. "ಹೊಸಾ ಪೇಂಟು ಅಣ್ಣ, ಕಲ್ಲು ಹಾರಿದರೆ ಹಾಳಾಗುತ್ತೆ" ಅಂದ. ಲಾರಿ ಬಾಡಿಗೆ 9,500, ಅದೂ ನನ್ನದೇ. ರಸ್ತೆಯಲ್ಲಿ ಯಾರಾದರೂ ತಡೆದು ಪೇಪರ್ ಕೇಳಿದರೆ ಕಷ್ಟ ಅಂತ ಲಾರಿಗೆ ಹಾಕಿದ್ದ ಅನ್ನುವುದು ಆಮೇಲೆ ಹೊಳೆಯಿತು.

ಆ ರಾತ್ರಿ ಮೊಬೈಲ್ ಟಾರ್ಚ್ ಹಾಕಿಕೊಂಡು ಏನು ನೋಡಿದೆ ನಾನು? ಟೈರ್ ನೋಡಿದೆ. ಸೀಟಿನ ಹೊಲಿಗೆ ನೋಡಿದೆ. ಮುಂದಿನ ವಿಂಚ್ ಮುಟ್ಟಿ ನೋಡಿದೆ. ಮಗಳು ಹಾರ್ನ್ ಹೊಡೆದು ಕುಣಿದಳು. ಅಪ್ಪ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಉಳಿದ 1,10,000 ಕೊಟ್ಟೆ. "ಪೇಪರ್ ಖರ್ಚು" ಅಂತ ಇನ್ನು 35,000 ಕೊಟ್ಟೆ. ಡೆಲಿವರಿ ನೋಟ್ ಮುಂದಿಟ್ಟ, ಸಹಿ ಹಾಕಿದೆ. ಅದರಲ್ಲಿ "ವಾಹನವನ್ನು ಕೂಲಂಕಷವಾಗಿ ಪರಿಶೀಲಿಸಿ ಇದ್ದ ಸ್ಥಿತಿಯಲ್ಲಿ ಒಪ್ಪಿ ಪಡೆದಿರುತ್ತೇನೆ" ಅಂತ ಒಂದು ಸಾಲು ಇತ್ತು. ಓದಿದೆ. ಓದಿಯೂ ಸಹಿ ಹಾಕಿದೆ. ಎದುರಿಗೆ ನಿಂತ ಮನುಷ್ಯನನ್ನು ಅನುಮಾನಿಸುವುದು ಹೇಗೆ ಅಂತ ಸಂಕೋಚ. ಆ ಸಂಕೋಚವೇ ಅವನ ಬಂಡವಾಳ.

ನನ್ನ ಕೈಗೆ ಸಿಕ್ಕಿದ್ದು ಹಳೇ ಬುಕ್ ಆರ್‌ಸಿ, ಕೆಎ ಬರುವುದಕ್ಕೆ ಮುಂಚಿನ ಸಿಎ ಸೀರೀಸಿನ ನಂಬರ್, ಮತ್ತು ಮೊದಲ ಮಾಲೀಕರ ಸಹಿ ಇದ್ದ ಫಾರ್ಮ್ 29, ಫಾರ್ಮ್ 30; ಇವೆರಡೂ ಗಾಡಿಯನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು ಬೇಕಾದ ಅರ್ಜಿಗಳು. ಆ ನಂಬರನ್ನು ವಾಹನದ ದಾಖಲೆ ತೋರಿಸುವ ಸರ್ಕಾರಿ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಏನೂ ಬರಲಿಲ್ಲ. ಕೇಳಿದೆ. "ಹಳೇ ಗಾಡಿ ಅಣ್ಣ, ಆನ್‌ಲೈನ್‌ನಲ್ಲಿ ಇರಲ್ಲ. ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿದರೆ ಬರುತ್ತೆ. ಒಂದು ವಾರ." ಹಳೇ ಗಾಡಿಗಳಿಗೆ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ಕಾಗದದ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವುದು, ಇರುವುದು ನಿಜವೇ. ನಿಜದ ಜೊತೆ ಕಲಸಿ ಹೇಳಿದ ಸುಳ್ಳನ್ನು ಹಿಡಿಯುವುದು ಕಷ್ಟ.

ಮೂರನೇ ಭಾನುವಾರ ಬಿಸಿಲೆ ರಸ್ತೆಗೆ ಹೋದೆವು. ಅರವತ್ತು ದಾಟಿದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟು ನಡುಕ. ಹಳೇ ಜೀಪು ಹೀಗೇ ಇರುತ್ತೆ ಅಂತ ಸಮಾಧಾನ ಮಾಡಿಕೊಂಡೆ. ರಸ್ತೆ ಬಿಟ್ಟು ಪಕ್ಕದ ಕೆಸರಿಗೆ ಇಳಿಸಿದ್ದು ನಾನೇ. ಗೇರ್ ಪಕ್ಕದ ಸಣ್ಣ ಲಿವರ್ ಎಳೆದೆ, ಟಕ್ ಅಂತು. ಹಿಂದಿನ ಚಕ್ರ ಎರಡೂ ಗಿರಗಿರ ತಿರುಗಿದವು, ಮುಂದಿನವು ಅಲುಗಲಿಲ್ಲ. ತೋಟದವರ ಟ್ರ್ಯಾಕ್ಟರ್ ಬಂದು ಎಳೆಯಿತು. ಸಕಲೇಶಪುರಕ್ಕೆ ತಂದು ಮೇಸ್ತ್ರಿಗೆ ತೋರಿಸಿದೆ. ಅವರು ಜೀಪಿನ ಅಡಿಗೆ ಹೋಗಿ ಎರಡು ನಿಮಿಷಕ್ಕೆ ಹೊರಗೆ ಬಂದರು.

"ಸಾರ್, ಇದು ಫೋರ್ ಬೈ ಫೋರ್ ಅಂತ ನಿಮಗೆ ಯಾರು ಹೇಳಿದ್ದು?"

ಮುಂದಿನ ಆಕ್ಸಲ್‌ಗೆ ಎಂಜಿನ್ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೇ ಇರಲಿಲ್ಲ. ಆಕ್ಸಲ್ ಬರೀ ಕಬ್ಬಿಣದ ತೊಲೆ, ಮಧ್ಯದಲ್ಲಿ ಚಕ್ರ ತಿರುಗಿಸುವ ಕ್ರೌನ್ ಗೇರ್ ಇರಬೇಕಾದ ಗುಂಡು ಹೌಸಿಂಗೂ ಇಲ್ಲ. ಆ ಸಣ್ಣ ಲಿವರನ್ನು ಒಂದು ತಗಡಿನ ಪಟ್ಟಿಗೆ ಬೋಲ್ಟ್ ಹಾಕಿ ನಿಲ್ಲಿಸಿದ್ದರು. ಟಕ್ ಅನ್ನಲಿ ಅಂತ ಅದಕ್ಕೊಂದು ಸ್ಪ್ರಿಂಗ್. ಆ ಸ್ಪ್ರಿಂಗ್ ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮರೆತು ಬಿಟ್ಟಿದ್ದಲ್ಲ, ದುಡ್ಡು ಸಾಲದೆ ಬಿಟ್ಟಿದ್ದಲ್ಲ. ಒಬ್ಬ ಮನುಷ್ಯ ಕೂತು, ಯೋಚನೆ ಮಾಡಿ, ನನಗೆ ಮೋಸ ಮಾಡುವುದಕ್ಕೆಂದೇ ಒಂದು ಸ್ಪ್ರಿಂಗ್ ಹಾಕಿದ್ದಾನೆ.

ಫೋಟೋ ಕಳಿಸಿದೆ. ಉತ್ತರ ಬಂತು: "ಸಾರ್ ನೀವು ಕೇಳಿದ್ದು ಫೋರ್ ಬೈ ಫೋರ್ ಲುಕ್." ಅಣ್ಣ ಹೋಗಿ ಸಾರ್ ಬಂದಿತ್ತು. ಲುಕ್ ಅಂತೆ! ನಾನು ಕಳಿಸಿದ್ದ ಮೆಸೇಜಿನಲ್ಲಿ ಲುಕ್ ಅನ್ನುವ ಪದ ಎಲ್ಲೂ ಇಲ್ಲ. ಸ್ಟೇರಿಂಗು, ಬ್ರೇಕು ಸರಿ ಮಾಡಿಸಲು 28,000 ಆಯಿತು. ಇಷ್ಟಾದರೂ ಪೇಪರ್ ಸರಿಯಿದೆಯಲ್ಲ, ಆದಷ್ಟು ಆಗಲಿ ಅಂದುಕೊಂಡೆ.

ಪೇಪರ್ ವಿಷಯಕ್ಕೆ ಬರುತ್ತೇನೆ. ನಿಜವಾದ ಹೊಡೆತ ಅಲ್ಲಿ.

ಒಂದು ವಾರ ಅಂದವನು ಎರಡು ತಿಂಗಳಾದರೂ ಏನೂ ಮಾಡಲಿಲ್ಲ. ನಾನೇ ಆರ್‌ಟಿಒ ಕಚೇರಿಗೆ ಜೀಪ್ ತೆಗೆದುಕೊಂಡು ಹೋದೆ. ಬ್ರೇಕ್ ಇನ್ಸ್‌ಪೆಕ್ಟರ್ ಆರ್‌ಸಿ ಕೈಗೆ ತೆಗೆದುಕೊಂಡರು. 1984ರ ಪೆಟ್ರೋಲ್ ಜೀಪ್. ಬಾನೆಟ್ ಎತ್ತಿಸಿದರು. ಡೀಸೆಲ್ ಎಂಜಿನ್. "ಅನುಮತಿ ಪತ್ರ ಎಲ್ಲಿ?" ಇಲ್ಲ. ಎಂಜಿನ್ ನಂಬರ್ ಆರ್‌ಸಿಗೆ ಹೊಂದುವುದಿಲ್ಲ. ಅಲ್ಲಿದ್ದವರ ಕೈಗೆ ಟೇಪ್ ಕೊಟ್ಟು ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, ಅಳೆಸಿದರು. ಆರ್‌ಸಿ ಪ್ರಕಾರ ವೀಲ್‌ಬೇಸ್ 2032 ಮಿಲಿಮೀಟರ್, ಅಂದರೆ 80 ಇಂಚು. ಹಳೇ ಗಿಡ್ಡ ಜೀಪಿನ ಅಳತೆ ಅದು. ನನ್ನ ಜೀಪ್ ಅದಕ್ಕಿಂತ ಒಂದು ಅಡಿ ಉದ್ದ ಇತ್ತು. ಒಂದು ಅಡಿ! ನಾನು ಒಂದು ಸಲವೂ ಟೇಪ್ ಹಿಡಿದಿರಲಿಲ್ಲ.

ಆಮೇಲೆ ಚಾಸಿ ನಂಬರ್. ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಬೇಕು ಅಂತ ಮುಂದಿನ ಚಕ್ರದ ಹತ್ತಿರ ಬಗ್ಗಿ ಬಟ್ಟೆಯಿಂದ ಉಜ್ಜಿದರು. ಪೇಂಟ್ ದಪ್ಪ ಇತ್ತು. ಬೀಗದ ಕೈಯಿಂದ ಸ್ವಲ್ಪ ಕೆರೆದರು. ಚಕ್ಕೆಯಾಗಿ ಉದುರಿತು. ಪೇಂಟ್ ಅಲ್ಲ ಅದು, ತಗ್ಗು ಮುಚ್ಚಲು ಮೆತ್ತುವ ಪುಟ್ಟಿ. ಅದರ ಕೆಳಗೆ ನಂಬರ್ ಇದ್ದ ಅಂಗೈಯಗಲದ ಒಂದು ತುಂಡು, ಸುತ್ತಲೂ ವೆಲ್ಡಿಂಗ್ ಗೆರೆ. ಬೇರೆ ಯಾವುದೋ ಚಾಸಿಯಿಂದ ನಂಬರ್ ಇರುವ ತುಂಡನ್ನು ಕೊಯ್ದು ತಂದು ಇದಕ್ಕೆ ಬೆಸುಗೆ ಹಾಕಿದ್ದರು. ಇನ್ಸ್‌ಪೆಕ್ಟರ್ ಎದ್ದು ನಿಂತು ನನ್ನ ಮುಖ ನೋಡಿದರು. "ಏನ್ರೀ ಇದು?" ಅಂದರು. ಸುತ್ತ ಎಲ್‌ಎಲ್‌ಆರ್‌ಗೆ ಬಂದ ಹುಡುಗರು, ಏಜೆಂಟರು, ಎಲ್ಲರೂ ನೋಡುತ್ತಿದ್ದರು. ಆ ಕ್ಷಣ ನಾನು ದುಡ್ಡು ಕಳೆದುಕೊಂಡವನ ಹಾಗೆ ಕಾಣುತ್ತಿರಲಿಲ್ಲ. ಕದ್ದವನ ಹಾಗೆ ಕಾಣುತ್ತಿದ್ದೆ. ಇಪ್ಪತ್ತು ವರ್ಷ ಕೆಲಸ ಮಾಡಿದ್ದೇನೆ, ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ.

ಅವರು ಒಳ್ಳೆಯವರು. ಕೂರಿಸಿ ತಿಳಿಸಿ ಹೇಳಿದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ತಯಾರಿಸಿದಾಗ ಇದ್ದ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತವಾಗಿ ಹೇಳಿದೆ. ಎಂಜಿನ್ ಬದಲಿಸಬೇಕಾದರೂ ಅನುಮತಿ ಬೇಕು. 182ಎ ಕಲಂನಲ್ಲಿ ಶಿಕ್ಷೆ ಮಾಲೀಕನಿಗೆ: ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಕಟ್ಟಿಕೊಟ್ಟವನು ಶೆಡ್ಡಿನಲ್ಲಿ ಆರಾಮವಾಗಿ ಇರುತ್ತಾನೆ, ಸಿಕ್ಕಿಬೀಳುವವರು ನಾವು. ಈ ಗಾಡಿಯಿಂದ ಯಾರಿಗಾದರೂ ಅಪಘಾತವಾದರೆ ಇನ್ಶೂರೆನ್ಸಿನವರು ಕೈ ಎತ್ತಬಹುದು ಅಂತಲೂ ಹೇಳಿದರು. ಬಿಸಿಲೆ ರಸ್ತೆಯಲ್ಲಿ ಮಗಳನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದು ನೆನಪಾಗಿ ಕೈಕಾಲು ತಣ್ಣಗಾಯಿತು.

ಹೊರಗೆ ಬಂದು ಅವನಿಗೆ ಫೋನ್ ಮಾಡಿದೆ. "ಯಾರ್ರೀ ನಿಮಗೆ ಆರ್‌ಟಿಒಗೆ ತಗೊಂಡು ಹೋಗಿ ಅಂದಿದ್ದು? ಇಂಥಾ ಗಾಡೀನ ಯಾರಾದ್ರೂ ಆರ್‌ಟಿಒಗೆ ತಗೊಂಡು ಹೋಗ್ತಾರಾ? ಎಸ್ಟೇಟ್ ಒಳಗೆ ಓಡಿಸ್ಕೋಬೇಕು." ನನಗೆ ಎಸ್ಟೇಟ್ ಇಲ್ಲ ಅಂದೆ. "ಅದಕ್ಕೆ ನಾನೇನು ಮಾಡ್ಲಿ? ಡೆಲಿವರಿ ನೋಟ್ ಮೇಲೆ ಸೈನ್ ಹಾಕಿದೀರಲ್ಲ, ಓದಿಕೊಳ್ಳಿ." ಇಂಥಾ ಗಾಡಿ ಅಂದ. ತಾನು ಮಾರಿದ್ದು ಎಂಥಾ ಗಾಡಿ ಅಂತ ಅವನಿಗೆ ಮೊದಲ ದಿನದಿಂದ ಗೊತ್ತಿತ್ತು. ಪೇಪರ್ ಖರ್ಚಿನ 35,000 ಆದರೂ ವಾಪಸ್ ಕೊಡು ಅಂದೆ. ಕಟ್ ಮಾಡಿದ. ಬ್ಲಾಕ್ ಮಾಡಿದ.

ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಆರ್‌ಸಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದೆ. ಬೇರೆ ಜಿಲ್ಲೆ, ಒಂದು ಹಳೇ ಹೆಂಚಿನ ಮನೆ. ಅರವತ್ತರ ಹತ್ತಿರದ ಹಿರಿಯರೊಬ್ಬರು ಹೊರಗೆ ಬಂದರು. ನಂಬರ್ ಹೇಳಿದ ತಕ್ಷಣ ಅವರ ಮುಖ ಅರಳಿತು. "ಅಯ್ಯೋ, ನಮ್ಮ ಜೀಪು! ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀರಿ. ಅದನ್ನ ಗುಜರಿಗೆ ಕೆಜಿ ಲೆಕ್ಕದಲ್ಲಿ ಹಾಕಿ ಹದಿನೈದು ವರ್ಷ ಆಯ್ತಲ್ಲ. ಅಪ್ಪಯ್ಯ ತೀರಿಕೊಂಡ ವರ್ಷವೇ." ಅಪ್ಪಯ್ಯ ಅಂದರೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರು. ಹಾಗಾದರೆ ನನ್ನ ಚೀಲದಲ್ಲಿದ್ದ ಫಾರ್ಮ್ 29ರ ಮೇಲೆ, ಮೂರು ತಿಂಗಳ ಹಿಂದಿನ ತಾರೀಖು ಹಾಕಿ ಸಹಿ ಮಾಡಿದ್ದು ಯಾರು? ನಾನು ಅದನ್ನು ಹೊರಗೆ ತೆಗೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ನಮ್ಮಪ್ಪಯ್ಯ ಕನ್ನಡದಲ್ಲಿ ಸಹಿ ಹಾಕ್ತಿದ್ರು" ಅಂದರು. ಫಾರ್ಮಿನ ಮೇಲಿದ್ದದ್ದು ಇಂಗ್ಲಿಷ್ ಸಹಿ.

ಕಾಫಿ ಕುಡಿಯಲು ಆಗಲಿಲ್ಲ ನನಗೆ.

ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಅಡಿ ವಂಚನೆಯ ದೂರು ಕೊಟ್ಟಿದ್ದೇನೆ, ನಕಲಿ ಸಹಿಯ ವಿಷಯವನ್ನೂ ಅದರಲ್ಲೇ ಬರೆದಿದ್ದೇನೆ. ಗ್ರಾಹಕರ ಆಯೋಗಕ್ಕೂ ಅರ್ಜಿ ಹಾಕುತ್ತಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವಿರುವ ಜಿಲ್ಲೆಯಲ್ಲೇ ಹಾಕಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಇದನ್ನು ತಿಳಿಸಿದ್ದು 1915 ನಂಬರಿನ ಗ್ರಾಹಕ ಸಹಾಯವಾಣಿಯವರು. ಒಟ್ಟು ಹೋಗಿದ್ದು 4,32,500. ಜೀಪ್ ಟಾರ್ಪಾಲಿನ ಕೆಳಗೆ ನಿಂತಿದೆ. ಓಡಿಸುವ ಹಾಗಿಲ್ಲ. ಗುಜರಿಗೆ ಹಾಕುವ ಹಾಗೂ ಇಲ್ಲ, ಕೇಸಿಗೆ ಸಾಕ್ಷಿ ಅದೇ. ಅಪ್ಪ ಒಂದು ಮಾತೂ ಆಡಿಲ್ಲ. ಅವರು ಬೈದಿದ್ದರೆ ಚೆನ್ನಾಗಿತ್ತು.

ಜೀಪ್ ತೆಗೆದುಕೊಳ್ಳುವವರಿಗೆ ಇಷ್ಟು ಹೇಳುತ್ತೇನೆ. ಹಗಲು ಹೊತ್ತು ನೋಡಿ. ನಿಮ್ಮದೇ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಅಡಿಯಲ್ಲಿ ಮಲಗಿಸಿ. ಚಾಸಿ ನಂಬರಿನ ಮೇಲಿನ ಪೇಂಟ್ ನಿಮ್ಮ ಕೈಯಿಂದಲೇ ಕೆರೆದು ನೋಡಿ, ಅದಕ್ಕೆ ಒಪ್ಪದವನ ಹತ್ತಿರ ಒಂದು ನಿಮಿಷವೂ ನಿಲ್ಲಬೇಡಿ. ಆರ್‌ಸಿಯಲ್ಲಿ ಹೆಸರಿರುವ ಮನುಷ್ಯನ ಜೊತೆ ಮುಖ ನೋಡಿ ಮಾತಾಡಿ. ಗಾಡಿ ನಿಮ್ಮ ಹೆಸರಿಗೆ ಬರುವವರೆಗೆ ಅರ್ಧ ದುಡ್ಡು ನಿಮ್ಮ ಹತ್ತಿರವೇ ಇರಲಿ. "ಎಲ್ಲಾ ನಾವೇ ಮಾಡಿಸಿಕೊಡ್ತೀವಿ" ಅಂದವನನ್ನು ನಂಬಬೇಡಿ. ನಂಬಬೇಡಿ.

ಆ ಜಾಹೀರಾತಿನ ಕೆಳಗೆ ರೇಟ್ ಕೇಳಿದ್ದವರಲ್ಲಿ ನಾಲ್ವರಿಗೆ ನಿನ್ನೆ ರಾತ್ರಿಯೇ ಒಬ್ಬೊಬ್ಬರಿಗಾಗಿ ಮೆಸೇಜ್ ಮಾಡಿದೆ. ಒಬ್ಬರು ಇವತ್ತು ಬೆಳಗ್ಗೆ ಉತ್ತರ ಕೊಟ್ಟರು. ಚಿಕ್ಕಮಗಳೂರಿನ ಕಡೆಯ ಹುಡುಗ. ಅಡ್ವಾನ್ಸ್ 50,000 ಮೊನ್ನೆಯೇ ಹಾಕಿದ್ದಾನಂತೆ. 45 ದಿನ ಅಂದಿದ್ದಾರಂತೆ.