ರೂಪಾಯಿ ಒತ್ತಬೇಡಿ, ಡಾಂಗ್ ಒತ್ತಿ: ವಿಯೆಟ್ನಾಂನಲ್ಲಿ ಬಳಸಿದ ಕಾರ್ಡ್‌ಗಳ ಹೋಲಿಕೆ

ವಿದೇಶಕ್ಕೆ ಹೋಗುವಾಗ ಯಾವ ಕಾರ್ಡ್ ಒಯ್ಯಬೇಕು ಅಂತ ಯಾರು ಕೇಳಿದರೂ ನಾನು ಹೇಳುವುದು ಒಂದೇ. ಫಾರೆಕ್ಸ್ ಮಾರ್ಕಪ್ (ವಿದೇಶಿ ಕರೆನ್ಸಿಯಲ್ಲಿ ಕೊಟ್ಟದ್ದಕ್ಕೆ ನಮ್ಮ ಬ್ಯಾಂಕು ಸೇರಿಸುವ ಶುಲ್ಕ) ಇಲ್ಲದ ಕ್ರೆಡಿಟ್ ಕಾರ್ಡ್ ಒಂದನ್ನು ಮಾಡಿಸಿಕೊಳ್ಳಿ. ಅಲ್ಲಿ ಮಷಿನ್ ಯಾವ ಕರೆನ್ಸಿ ಅಂತ ಕೇಳಿದಾಗ ಕಣ್ಣು ಮುಚ್ಚಿ ಆ ದೇಶದ ಕರೆನ್ಸಿಯನ್ನೇ ಒತ್ತಿ. ಈ ಎರಡನೆಯ ಮಾತು ಮರೆತರೆ ಮೊದಲನೆಯದರಿಂದ ನಯಾಪೈಸೆ ಉಪಯೋಗವಿಲ್ಲ.

ಮನೆಮಂದಿಯೆಲ್ಲ ಸೇರಿ ಬೆಂಗಳೂರಿನಿಂದ ವಿಯೆಟ್ನಾಂಗೆ ಹೋಗಿದ್ದೆವು. ಹನೋಯ್, ಡಾ ನಾಂಗ್, ಹೋಯ್ ಆನ್. ನನ್ನ ಪರ್ಸಿನಲ್ಲಿ ಎರಡು ಕ್ರೆಡಿಟ್ ಕಾರ್ಡ್ ಇದ್ದವು: ಸಂಬಳದ ಖಾತೆಯ ಜೊತೆ ಬಂದ ಹಳೆಯದು, ಪ್ರವಾಸಕ್ಕೆಂದೇ ಮಾಡಿಸಿದ ಝೀರೋ ಮಾರ್ಕಪ್ಪಿನದು. ತಂಗಿ ಫಾರೆಕ್ಸ್ ಕಾರ್ಡ್, ಅಂದರೆ ಮೊದಲೇ ವಿದೇಶಿ ಹಣ ತುಂಬಿಸಿಡುವ ಕಾರ್ಡ್ ತಂದಿದ್ದಳು, ಅದರಲ್ಲಿ ಡಾಲರ್ ಇತ್ತು. ಅಪ್ಪನಿಗೆ ಕಾರ್ಡ್ ಮೇಲೆ ನಂಬಿಕೆ ಕಡಿಮೆ, ಅವರು ಡಾಲರ್ ನೋಟು ತಂದಿದ್ದರು. ಹೀಗಾಗಿ ಒಂದೇ ಊರಲ್ಲಿ, ಒಂದೇ ವಾರದಲ್ಲಿ ಎಲ್ಲವನ್ನೂ ಬಳಸಿ ನೋಡಿದ ಹಾಗಾಯಿತು. ವಾಪಸ್ ಬಂದ ಮೇಲೆ ಸ್ಟೇಟ್‌ಮೆಂಟುಗಳನ್ನೆಲ್ಲ ಹರಡಿಕೊಂಡು ಕೂತು ಲೆಕ್ಕ ಹಾಕಿದೆ.

ಮೊದಲು ಆ ಮಷಿನ್ ವಿಷಯ. ಅಲ್ಲಿ ಕಾರ್ಡ್ ಹಾಕಿದ ತಕ್ಷಣ, ಅದರ ಮೊದಲ ಕೆಲವು ಅಂಕಿಗಳಿಂದಲೇ ಇದು ಭಾರತದ ಕಾರ್ಡ್ ಅಂತ ಮಷಿನ್‌ಗೆ ಗೊತ್ತಾಗುತ್ತದೆ. ಆಗ ಪರದೆ ಮೇಲೆ ಎರಡು ಮೊತ್ತ ಬರುತ್ತವೆ, ಒಂದು ವಿಯೆಟ್ನಾಂ ಕರೆನ್ಸಿಯಾದ ಡಾಂಗ್‌ನಲ್ಲಿ, ಇನ್ನೊಂದು ರೂಪಾಯಿಯಲ್ಲಿ. ಯಾವುದು ಬೇಕು ಅಂತ ಕೇಳುತ್ತದೆ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಚಿಕ್ಕದಾಗಿ ಡಿಸಿಸಿ ಅನ್ನುತ್ತಾರೆ. ರೂಪಾಯಿ ಆರಿಸಿದರೆ ವಿನಿಮಯ ದರ ನಿಗದಿ ಮಾಡುವುದು ನಮ್ಮ ಬ್ಯಾಂಕೂ ಅಲ್ಲ, ವೀಸಾ ಮಾಸ್ಟರ್‌ಕಾರ್ಡ್‌ನವರೂ ಅಲ್ಲ. ಅಂಗಡಿಯ ಬ್ಯಾಂಕು, ಅದರ ಜೊತೆ ಒಪ್ಪಂದ ಮಾಡಿಕೊಂಡ ಡಿಸಿಸಿ ಕಂಪನಿ ಸೇರಿ ತಮಗೆ ಬೇಕಾದಷ್ಟು ಲಾಭ ಸೇರಿಸಿ ದರ ಹಾಕುತ್ತಾರೆ. ಆ ಲಾಭದಲ್ಲಿ ಅಂಗಡಿಗೂ ಪಾಲು ಸಿಗುವುದುಂಟು. ಕೌಂಟರಿನಲ್ಲಿ ಕೂತವರಿಗೆ ರೂಪಾಯಿ ಮೇಲೆ ಯಾಕಷ್ಟು ಒಲವು ಅಂತ ಈಗ ಅರ್ಥ ಆಯಿತಲ್ವಾ?

ವಿಯೆಟ್ನಾಂನಲ್ಲಿ ಇದು ಇನ್ನೂ ಸುಲಭವಾಗಿ ನಡೆಯುತ್ತದೆ, ಕಾರಣ ಸೊನ್ನೆಗಳು. ಅಲ್ಲಿಯ ಅತಿ ದೊಡ್ಡ ನೋಟು 5 ಲಕ್ಷ ಡಾಂಗ್. ನಮ್ಮ ಲೆಕ್ಕದಲ್ಲಿ ಸುಮಾರು 1,700 ರೂಪಾಯಿ ಅಷ್ಟೆ. ಊಟದ ಬಿಲ್ಲೇ ಲಕ್ಷಗಳಲ್ಲಿ ಬರುತ್ತದೆ. ಸೊನ್ನೆ ಎಣಿಸಿ ಎಣಿಸಿ ಸುಸ್ತಾದವರಿಗೆ ಪರದೆ ಮೇಲೆ ರೂಪಾಯಿ ಕಂಡರೆ ಊರಿನವರು ಸಿಕ್ಕಷ್ಟು ಸಮಾಧಾನ. ಆ ಸಮಾಧಾನಕ್ಕೇ ದುಡ್ಡು ತೆರಬೇಕು. ತೆರುವ ಅಗತ್ಯವೇ ಇಲ್ಲ, ಯಾಕೆಂದರೆ ಡಾಂಗ್‌ನಲ್ಲಿ ಕೊಟ್ಟರೂ ಬ್ಯಾಂಕಿನ ಆ್ಯಪ್‌ನಲ್ಲಿ ರೂಪಾಯಿ ಮೊತ್ತ ಕಾಣುತ್ತದೆ.

ಡಾ ನಾಂಗ್‌ನಲ್ಲಿ ನಾವು ಉಳಿದುಕೊಂಡಿದ್ದ ಹೋಟೆಲ್‌ನಲ್ಲಿ ಆದದ್ದು ಹೇಳುತ್ತೇನೆ. ರೂಮ್ ಬಿಡುವ ದಿನ ಝೀರೋ ಮಾರ್ಕಪ್ ಕಾರ್ಡ್ ಕೊಟ್ಟೆ. ಡಾಂಗ್‌ನಲ್ಲೇ ಹಾಕಿ ಅಂತಲೂ ಹೇಳಿದೆ. ರಿಸೆಪ್ಷನ್ ಹುಡುಗಿ ನಗುತ್ತಲೇ ತಲೆಯಾಡಿಸಿ ಕಾರ್ಡ್ ಮಷಿನ್‌ಗೆ ಹಾಕಿದಳು. ಪರದೆ ಅವಳ ಕಡೆಗಿತ್ತು. ಎರಡು ಸಲ ಪಟಪಟ ಬಟನ್ ಸದ್ದು ಕೇಳಿಸಿತು, ಆಮೇಲೆ ಪಿನ್ ಹಾಕಿ ಅಂತ ಮಷಿನ್ ನನ್ನ ಕಡೆ ತಿರುಗಿಸಿದಳು. ಅಷ್ಟರಲ್ಲಿ ಆಯ್ಕೆ ಮುಗಿದೇಹೋಗಿತ್ತು. ಚೀಟಿ ಕೈಗೆ ಬಂದಾಗ ನೋಡಿದರೆ ಮೇಲೆ ಡಾಂಗ್ ಮೊತ್ತ, ಅದರ ಕೆಳಗೆ ವಿನಿಮಯ ದರ, ಅದರ ಕೆಳಗೆ ದಪ್ಪಕ್ಷರದಲ್ಲಿ ರೂಪಾಯಿ ಮೊತ್ತ. ತಳದಲ್ಲಿ ಸಣ್ಣಕ್ಷರದಲ್ಲಿ ಒಂದು ವಾಕ್ಯ: ನನಗೆ ಕರೆನ್ಸಿ ಆಯ್ಕೆ ಕೊಡಲಾಗಿತ್ತು, ನಾನು ಒಪ್ಪಿ ರೂಪಾಯಿ ಆರಿಸಿದ್ದೇನೆ, ಈ ನಿರ್ಧಾರ ಅಂತಿಮ.

ನನಗೆ ಸಿಟ್ಟು ಬಂದದ್ದು ಆ ವಾಕ್ಯ ಓದಿ. ದುಡ್ಡು ಹೋಗುವುದು ಒಂದು ಕಡೆ. ನಾನು ಬೇಡ ಅಂದದ್ದನ್ನು ನಾನೇ ಒಪ್ಪಿದೆ ಅಂತ ಕಾಗದದ ಮೇಲೆ ಬರೆದುಕೊಂಡಿದ್ದಾರಲ್ಲ, ಅದು ತಡೆಯಲಾಗಲಿಲ್ಲ.

ಇದನ್ನು ರದ್ದು ಮಾಡಿ, ಡಾಂಗ್‌ನಲ್ಲಿ ಇನ್ನೊಂದು ಸಲ ಹಾಕಿ ಅಂದೆ. "ಸೇಮ್ ಸೇಮ್ ಮೇಡಂ, ನೋ ಪ್ರಾಬ್ಲಮ್" ಅಂದಳು. ಎರಡೂ ಒಂದೇ ಆಗಿದ್ದರೆ ಬದಲಿಸಲು ಏನು ಕಷ್ಟ ಅಂತ ಮತ್ತೆ ಕೇಳಿದೆ. ಮ್ಯಾನೇಜರ್ ಬಂದರು. ಮಷಿನ್ ತಾನಾಗಿಯೇ ರೂಪಾಯಿ ಮಾಡುತ್ತದೆ, ಭಾರತದ ಕಾರ್ಡ್‌ಗೆ ಹೀಗೇ ಆಗುವುದು ಅಂತ ವಿವರಿಸಿದರು. ಅದು ಸರಿಯಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಕಡೆ ನಿಯಮ ಇದೆ: ಗ್ರಾಹಕರನ್ನು ಕೇಳಲೇಬೇಕು, ದರ ಎಷ್ಟು ಅಂತ ತೋರಿಸಲೇಬೇಕು, ಅವರ ಪರವಾಗಿ ಅಂಗಡಿಯವರು ಆರಿಸುವ ಹಾಗಿಲ್ಲ. ಹೊರಗೆ ಕ್ಯಾಬ್ ಕಾಯುತ್ತಿತ್ತು, ಅಪ್ಪ ಬಾಗಿಲಲ್ಲಿ ನಿಂತು ವಾಚ್ ನೋಡುತ್ತಿದ್ದರು. ಆದರೂ ನಾನು ಕೌಂಟರ್ ಬಿಡಲಿಲ್ಲ. ಕೊನೆಗೆ ವಾಯ್ಡ್, ಅಂದರೆ ರದ್ದು ಮಾಡಿದರು. ವಾಯ್ಡ್ ಚೀಟಿ ಕೈಗೆ ತೆಗೆದುಕೊಂಡೆ. ಈ ಸಲ ಮಷಿನ್ ನನ್ನ ಕಡೆ ತಿರುಗಿಸಿಟ್ಟುಕೊಂಡು ನಾನೇ ಡಾಂಗ್ ಒತ್ತಿದೆ.

ಅಲ್ಲಿಗೇ ಮುಗಿಯಲಿಲ್ಲ. ವಾಯ್ಡ್ ಆದ ಮೊತ್ತ ತಕ್ಷಣ ಕಾರ್ಡ್ ಲಿಮಿಟ್‌ಗೆ ಮರಳುವುದಿಲ್ಲ. ಬ್ಯಾಂಕು ಹಿಡಿದಿಟ್ಟ ಹಣ ಬಿಡಲು ಕೆಲವು ದಿನ ಬೇಕು. ಅಷ್ಟು ದಿನ ಒಂದೇ ಬಿಲ್ ಎರಡು ಸಲ ಕೂತಿತ್ತು, ಉಳಿದ ಪ್ರವಾಸಕ್ಕೆ ಲಿಮಿಟ್ ಬಿಗಿಯಾಯಿತು. ಹೋಯ್ ಆನ್‌ನಲ್ಲಿ ಬಟ್ಟೆ ಹೊಲಿಸಿದ ದುಡ್ಡನ್ನು ಹಳೆಯ ಕಾರ್ಡ್‌ನಿಂದ ಕೊಡಬೇಕಾಯಿತು. ಅದಕ್ಕೇ ಈಗ ನನ್ನ ಕ್ರಮ ಇಷ್ಟು: ಕಾರ್ಡ್ ಕೊಡುವ ಮೊದಲೇ ಮಷಿನ್ ನನ್ನ ಕಡೆ ತಿರುಗಿಸಿ ಅನ್ನುತ್ತೇನೆ. ಪಿನ್ ಹಾಕುವ ಮುಂಚೆ ಪರದೆಯಲ್ಲಿ ವಿಎನ್‌ಡಿ (ಡಾಂಗ್) ಇದೆಯಾ, ಐಎನ್‌ಆರ್ (ರೂಪಾಯಿ) ಇದೆಯಾ ನೋಡುತ್ತೇನೆ. ಐಎನ್‌ಆರ್ ಕಂಡರೆ ಕೆಂಪು ಬಟನ್ ಒತ್ತಿ ಮೊದಲಿನಿಂದ ಶುರು. ಅವರು ಒಪ್ಪಲೇ ಇಲ್ಲ ಅಂದರೆ ಚೀಟಿಯ ಮೇಲೆ "ಆಯ್ಕೆ ಕೊಟ್ಟಿಲ್ಲ" ಅಂತ ಇಂಗ್ಲಿಷಿನಲ್ಲಿ ಬರೆದು ಫೋಟೋ ತೆಗೆದುಕೊಳ್ಳಿ. ಊರಿಗೆ ಬಂದು ನಮ್ಮ ಬ್ಯಾಂಕಿನಲ್ಲಿ ಡಿಸ್ಪ್ಯೂಟ್ (ತಕರಾರು) ಹಾಕಲು ಅದು ಬೇಕಾಗುತ್ತದೆ.

ಈಗ ಲೆಕ್ಕ. ಸುಲಭಕ್ಕೆ 300 ಡಾಂಗ್‌ಗೆ 1 ರೂಪಾಯಿ, ಬಿಲ್ 60 ಲಕ್ಷ ಡಾಂಗ್ ಅಂತ ಹಿಡಿಯೋಣ. ಅಂದರೆ 20,000 ರೂಪಾಯಿ.

ಝೀರೋ ಮಾರ್ಕಪ್ ಕಾರ್ಡ್, ಡಾಂಗ್‌ನಲ್ಲಿ ಒತ್ತಿದರೆ: 20,000ದ ಆಸುಪಾಸು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ದರ ಮಾರುಕಟ್ಟೆ ದರಕ್ಕೆ ತೀರಾ ಹತ್ತಿರ ಇರುತ್ತದೆ.

ಸಾಮಾನ್ಯ ಕ್ರೆಡಿಟ್ ಕಾರ್ಡ್, ಡಾಂಗ್‌ನಲ್ಲಿ: ಮಾರ್ಕಪ್ ಶೇ 3.5, ಅಂದರೆ 700. ಆ 700ರ ಮೇಲೆ ಶೇ 18 ಜಿಎಸ್‌ಟಿ, 126. ಒಟ್ಟು 20,826. ದುಬಾರಿ ವಾರ್ಷಿಕ ಶುಲ್ಕದ ಕಾರ್ಡ್‌ಗಳಲ್ಲಿ ಮಾರ್ಕಪ್ ಶೇ 2 ಇರುವುದುಂಟು, ಆಗ 20,472.

ಯಾವುದೇ ಕಾರ್ಡ್, ರೂಪಾಯಿಯಲ್ಲಿ ಒತ್ತಿದರೆ: ಡಿಸಿಸಿಯವರು ಶೇ 5 ಸೇರಿಸಿದರು ಅಂತ ಇಟ್ಟುಕೊಳ್ಳಿ, 21,000. ಇಷ್ಟಕ್ಕೇ ನಿಲ್ಲುವುದಿಲ್ಲ. ವಿದೇಶದ ಅಂಗಡಿಯಲ್ಲಿ ರೂಪಾಯಿಯಲ್ಲಿ ಕೊಟ್ಟಿದ್ದಕ್ಕೆ ನಮ್ಮ ಕಡೆಯ ಎಷ್ಟೋ ಬ್ಯಾಂಕುಗಳು ಬೇರೆಯಾಗಿ ಶೇ 1 ಡಿಸಿಸಿ ಶುಲ್ಕ ಹಾಕುತ್ತವೆ. 210, ಅದರ ಜಿಎಸ್‌ಟಿ ಸುಮಾರು 38. ಒಟ್ಟು 21,248. ಅಲ್ಲಿಯವರೂ ಕಿತ್ತುಕೊಂಡರು, ಇಲ್ಲಿಯವರೂ ಕಿತ್ತುಕೊಂಡರು. ಜೇಬಿನಲ್ಲಿ ಝೀರೋ ಮಾರ್ಕಪ್ ಕಾರ್ಡ್ ಇದ್ದೂ ಒಂದು ತಪ್ಪು ಬಟನ್‌ಗೆ ಸಾಮಾನ್ಯ ಕಾರ್ಡ್‌ಗಿಂತ ಜಾಸ್ತಿ ಹೋಗುತ್ತದೆ. ಝೀರೋ ಅಂತ ಕಾರ್ಡ್ ಮೇಲೆ ಬರೆದಿರುವುದು ನಮ್ಮ ಬ್ಯಾಂಕಿನ ಮಾರ್ಕಪ್ಪಿಗೆ ಮಾತ್ರ.

ತಂಗಿಯ ಫಾರೆಕ್ಸ್ ಕಾರ್ಡ್ ಬಗ್ಗೆ ನನಗೆ ಮುಂಚಿನಿಂದಲೂ ಅಷ್ಟು ಮನಸ್ಸಿಲ್ಲ. ಅವಳ ಕಾರ್ಡ್‌ನಲ್ಲಿ ಡಾಂಗ್ ತುಂಬಿಸಲು ಬರುವುದಿಲ್ಲ, ಹಾಗಾಗಿ ಡಾಲರ್ ತುಂಬಿಸಿದ್ದಳು. ಡಾಲರ್ ಇರುವ ಕಾರ್ಡ್‌ನಿಂದ ಡಾಂಗ್ ಕೊಟ್ಟರೆ ಕ್ರಾಸ್ ಕರೆನ್ಸಿ ಶುಲ್ಕ ಬೀಳುತ್ತದೆ, ಅವಳದ್ದರಲ್ಲಿ ಅದು ಹೆಚ್ಚುಕಡಿಮೆ ನನ್ನ ಹಳೆಯ ಕಾರ್ಡಿನ ಮಾರ್ಕಪ್ಪಿನಷ್ಟೇ ಆಯಿತು. ತುಂಬಿಸುವಾಗ ಬ್ಯಾಂಕಿನ ಮಾರುವ ದರ. ಉಳಿದದ್ದು ವಾಪಸ್ ಮಾಡುವಾಗ ಕೊಳ್ಳುವ ದರ, ಅದು ಇನ್ನೂ ಕಡಿಮೆ. ಮೂರು ಕಡೆ ಸೋರಿಕೆ. ಒಳ್ಳೆಯದೂ ಇದೆ: ತುಂಬಿಸಿದ ದಿನದ ದರ ಖಾಯಂ, ಆಮೇಲೆ ರೂಪಾಯಿ ಬಿದ್ದರೂ ಚಿಂತೆ ಇಲ್ಲ. ಕಾರ್ಡ್ ಕಳೆದುಹೋದರೆ ಅದರಲ್ಲಿದ್ದಷ್ಟೇ ಹಣಕ್ಕೆ ಅಪಾಯ, ಖಾತೆಗೆ ಕೈ ಹೋಗುವುದಿಲ್ಲ. ಅಮೆರಿಕಕ್ಕೋ ಯುರೋಪಿಗೋ ಹೋಗುವವರು, ಅಲ್ಲಿಯದೇ ಕರೆನ್ಸಿ ತುಂಬಿಸಿಕೊಂಡರೆ ನಡೆಯುತ್ತದೆ. ವಿಯೆಟ್ನಾಂಗೆ ಖಂಡಿತ ಬೇಡ.

ಟಿಸಿಎಸ್, ಅಂದರೆ ವಿದೇಶಕ್ಕೆ ಹಣ ಒಯ್ಯುವಾಗ ಬ್ಯಾಂಕು ಮುಂಗಡವಾಗಿ ವಸೂಲಿ ಮಾಡುವ ತೆರಿಗೆ, ಇದರ ಬಗ್ಗೆ ತುಂಬ ಜನ ಹೆದರುತ್ತಾರೆ. ಫಾರೆಕ್ಸ್ ಕಾರ್ಡ್‌ಗೆ ತುಂಬಿಸಿದ್ದು ಆ ಲೆಕ್ಕಕ್ಕೆ ಬರುತ್ತದೆ, ಆದರೆ 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ದಾಟಿದ ಮೇಲೆ ಮಾತ್ರ. ನಮ್ಮಂಥವರ ಪ್ರವಾಸ ಅಲ್ಲಿಗೆ ತಲುಪುವುದಿಲ್ಲ.

ನಗದು ಬೇಕೇ ಬೇಕು. ಹನೋಯ್‌ನ ಹಳೆ ಪೇಟೆಯಲ್ಲಿ ಪುಟ್ಟ ಸ್ಟೂಲ್ ಹಾಕಿ ಬಾನ್ ಮಿ (ಅಲ್ಲಿಯ ಸ್ಯಾಂಡ್‌ವಿಚ್) ಮಾರುವವರು ಕಾರ್ಡ್ ತೆಗೆದುಕೊಳ್ಳುವುದಿಲ್ಲ. ಅವರ ಹತ್ತಿರವೂ ಕ್ಯೂಆರ್ ಇದೆ, ಅದು ಅಲ್ಲಿಯ ಬ್ಯಾಂಕ್ ಖಾತೆಗಳದ್ದು, ನಾವು ಹೋದಾಗ ನಮ್ಮ ಯುಪಿಐ ಅಲ್ಲಿ ಕೆಲಸ ಮಾಡಲಿಲ್ಲ. ಕೆಲವು ಅಂಗಡಿಗಳಲ್ಲಿ ಕಾರ್ಡ್ ಕೊಟ್ಟರೆ ಶೇ 3 ಜಾಸ್ತಿ ಅನ್ನುತ್ತಾರೆ, ಅಂಥ ಕಡೆಯೂ ನಗದೇ ವಾಸಿ. ಅಪ್ಪನ ಡಾಲರ್ ಚೆನ್ನಾಗಿಯೇ ನಡೆಯಿತು. ನೂರರ ನೋಟು, ಮಡಿಕೆ ಇಲ್ಲದ್ದು, ಗೀರಿಲ್ಲದ್ದು ಇರಬೇಕು. ಅಂಚು ಸ್ವಲ್ಪ ಹರಿದಿದ್ದ ಒಂದು ನೋಟನ್ನು ಮುಟ್ಟಲೇ ಇಲ್ಲ.

ಎಟಿಎಂನಿಂದ ತೆಗೆಯುವುದಾದರೆ ಡೆಬಿಟ್ ಕಾರ್ಡ್ ಬಳಸಿ. ಕ್ರೆಡಿಟ್ ಕಾರ್ಡ್‌ನಲ್ಲಿ ನಗದು ತೆಗೆದರೆ ಶುಲ್ಕದ ಜೊತೆ ಅದೇ ದಿನದಿಂದ ಬಡ್ಡಿ ಶುರುವಾಗುತ್ತದೆ. ಎಟಿಎಂನಲ್ಲೂ ಡಿಸಿಸಿ ಕಾಟ ಇದೆ, ವೇಷ ಬೇರೆ. ಪರದೆಯ ಒಂದು ಬದಿಗೆ "ಅಕ್ಸೆಪ್ಟ್ ಕನ್ವರ್ಷನ್", ಇನ್ನೊಂದು ಬದಿಗೆ "ಡಿಕ್ಲೈನ್ ಕನ್ವರ್ಷನ್". ಡಿಕ್ಲೈನ್ ಒತ್ತಿದರೆ ದುಡ್ಡೇ ಬರುವುದಿಲ್ಲವೇನೋ ಅಂತ ಅಮ್ಮ ಕೈ ಹಿಂದೆಗೆದರು. ಹಾಗೇನೂ ಇಲ್ಲ, ಡಿಕ್ಲೈನ್ ಆಗುವುದು ಅವರ ದರ ಮಾತ್ರ. ಒತ್ತಿ ನಿಂತುಕೊಳ್ಳಿ, ಡಾಂಗ್ ಬರುತ್ತದೆ. ಎಟಿಎಂ ಬಳಕೆಯ ಶುಲ್ಕ ಬೇರೆ, ಅದು ಬ್ಯಾಂಕಿಂದ ಬ್ಯಾಂಕಿಗೆ ಬದಲಾಗುತ್ತದೆ. ಸಣ್ಣ ಸಣ್ಣದಾಗಿ ತೆಗೆಯುವ ಬದಲು ಒಂದೇ ಸಲ ತೆಗೆಯುವುದು ಒಳ್ಳೆಯದು.

ಹಾಗಾದರೆ ಯಾವುದು? ನಾನು ಪ್ರತಿ ತಿಂಗಳ ಬಿಲ್ ಪೂರ್ತಿ ಕಟ್ಟುವವಳು. ವರ್ಷಕ್ಕೆ ಒಂದು ಪ್ರವಾಸ ಮಾಡುವ ಬಜೆಟ್. ಸಾವಿರಾರು ರೂಪಾಯಿ ವಾರ್ಷಿಕ ಶುಲ್ಕ ಕಟ್ಟಿ ಲೌಂಜ್‌ನಲ್ಲಿ ಕೂರುವ ಆಸೆ ಇಲ್ಲ. ಹಾಗಾಗಿ ವಾರ್ಷಿಕ ಶುಲ್ಕ ಇಲ್ಲದ, ಮಾರ್ಕಪ್ ಇಲ್ಲದ ಕ್ರೆಡಿಟ್ ಕಾರ್ಡ್ ನನಗೆ ಹೇಳಿ ಮಾಡಿಸಿದ ಹಾಗಿದೆ. ಫೆಡರಲ್ ಬ್ಯಾಂಕಿನ ಸ್ಕೇಪಿಯಾ ಈ ಬಗೆಯದು. ಸಂಬಳದ ಚೀಟಿ ತೋರಿಸಲಾಗದವರಿಗೆ ಎಫ್‌ಡಿ ಇಟ್ಟು ಪಡೆಯುವ ಐಡಿಎಫ್‌ಸಿ ಫಸ್ಟ್‌ನ ವಾವ್ ಇತ್ತು. ಬ್ಯಾಂಕುಗಳು ನಿಯಮ ಆಗಾಗ ಬದಲಿಸುತ್ತವೆ, ಅರ್ಜಿ ಹಾಕುವ ದಿನ ಶುಲ್ಕದ ಪಟ್ಟಿ ಓದಿ. ಬಿಲ್ ಬಾಕಿ ಉಳಿಸಿಕೊಳ್ಳುವ ಅಭ್ಯಾಸ ಇರುವವರಿಗೆ ಮಾತ್ರ ನಾನು ಇದನ್ನು ಹೇಳುವುದಿಲ್ಲ. ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿ ಉಳಿತಾಯವನ್ನೆಲ್ಲ ನುಂಗಿಬಿಡುತ್ತದೆ.

ಹೊರಡುವ ಮುಂಚೆ ಆ್ಯಪ್‌ನಲ್ಲಿ ವಿದೇಶಿ ಬಳಕೆ ಆನ್ ಮಾಡಿ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ.

ಇನ್ನೊಂದು ವಿಷಯ, ಇದು ಮನೆಯಲ್ಲಿ ಕೂತೇ ಆಗುವಂಥದ್ದು. ಹೋಟೆಲ್ ಬುಕ್ ಮಾಡುವ ಸೈಟ್‌ಗಳಲ್ಲಿ ಬೆಲೆ ರೂಪಾಯಿಯಲ್ಲೇ ಕಾಣುತ್ತದೆ, ಆದರೆ ಹಣ ಪಡೆಯುವ ಕಂಪನಿ ವಿದೇಶದಲ್ಲಿ ನೋಂದಣಿಯಾಗಿರುತ್ತದೆ. ಆಗಲೂ ಅದೇ ಶೇ 1 ಶುಲ್ಕ ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ ಬಂದು ಕೂರುತ್ತದೆ. ನನಗೆ ಹನೋಯ್ ಹೋಟೆಲ್‌ಗೆ ಹೀಗೇ ಬಿತ್ತು. ಈಗ ಹಣ ಕಟ್ಟುವ ಕೊನೆಯ ಪುಟದಲ್ಲಿ ಕರೆನ್ಸಿ ಬದಲಿಸಿ, ಹೋಟೆಲ್ ಇರುವ ದೇಶದ ಕರೆನ್ಸಿಯಲ್ಲಿ ಝೀರೋ ಮಾರ್ಕಪ್ ಕಾರ್ಡ್‌ನಿಂದ ಕಟ್ಟುತ್ತೇನೆ, ಇಲ್ಲವೇ ಅಲ್ಲಿಗೆ ಹೋದ ಮೇಲೆ ಕೊಡುವ ಆಯ್ಕೆ ಇದ್ದರೆ ಅದನ್ನೇ ಒತ್ತುತ್ತೇನೆ.