ಹಳೇ ಯೆಜ್ಡಿಗೆ 12 ವೋಲ್ಟ್ ಮಾಡಿಸುವ ಮುಂಚೆ ಸ್ವಲ್ಪ ನಿಲ್ಲಿ

ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆ ಹಳೇ ಜಾವಾ, ಯೆಜ್ಡಿ ಬೈಕ್ ಇಟ್ಟುಕೊಂಡವರು ಇನ್ನೂ ಇದ್ದಾರೆ. ಅವರಲ್ಲಿ ಯಾರಾದರೂ 6 ವೋಲ್ಟ್ ತೆಗೆಸಿ 12 ವೋಲ್ಟ್ ಹಾಕಿಸೋಣ ಅಂತಿದ್ದರೆ, ಗ್ಯಾರೇಜಿಗೆ ಗಾಡಿ ಬಿಡುವ ಮುಂಚೆ ಇದನ್ನು ಓದಿ. ನನ್ನ ಗಾಡಿ ಈಗ ಶೆಡ್ಡಿನಲ್ಲಿದೆ. ದುಡ್ಡು ಹೋಯಿತು. ಅದಕ್ಕಿಂತ ಬೇಜಾರು ಅಂದರೆ ಮೈಸೂರಿನ ಫ್ಯಾಕ್ಟರಿಯಿಂದ ಬಂದಿದ್ದ, ಗಾಡಿಗೆ ಕರೆಂಟ್ ಕೊಡುವ ಡೈನಮೋನೂ ಹೋಯಿತು.

12 ವೋಲ್ಟ್ ಆಸೆ ತಪ್ಪೇನಲ್ಲ. 35 ವ್ಯಾಟ್ ಬಲ್ಬ್ 6 ವೋಲ್ಟಿನಲ್ಲಿ ಸುಮಾರು 6 ಆಂಪ್ಸ್ ಎಳೆಯುತ್ತದೆ, 12 ವೋಲ್ಟಿನಲ್ಲಿ ಮೂರೇ. ಹಳೇ ಸ್ವಿಚ್ಚು, ತುಕ್ಕು ಹಿಡಿದ ಅರ್ತ್ ಎಲ್ಲಾ ಸೇರಿ ಅರ್ಧ ವೋಲ್ಟ್ ನುಂಗಿದರೂ 6 ವೋಲ್ಟ್ ಗಾಡಿಯ ಹೆಡ್‌ಲೈಟ್ ಮಂಕಾಗುತ್ತದೆ. ರಾತ್ರಿ ಹೈವೇಯಲ್ಲಿ ಎದುರಿಗೆ ಲಾರಿ ಬಂದಾಗ ನಮ್ಮ ಲೈಟ್ ಉರಿಯುತ್ತಿದೆಯೋ ಇಲ್ಲವೋ ಅಂತ ಅನುಮಾನ ಬರುತ್ತದೆ. ಅದಕ್ಕೇ ಎಲ್ಲರೂ ಈ ಕೆಲಸಕ್ಕೆ ಕೈ ಹಾಕೋದು.

ಗ್ಯಾರೇಜಿನವರು ಹೇಳಿದ್ದು ಕೇಳೋಕೆ ಚೆನ್ನಾಗಿತ್ತು. ಬಲಗಡೆ ಕವರ್ ಒಳಗಿನ ಡೈನಮೋ ತೆಗೆದು ಆ ಜಾಗಕ್ಕೆ ಮ್ಯಾಗ್ನೆಟ್ ರೋಟರ್ ಮತ್ತು ಕಾಯಿಲ್ ಪ್ಲೇಟ್ (ಅಂದರೆ ಆಲ್ಟರ್ನೇಟರ್) ಹಾಕೋದು, ಜೊತೆಗೆ ಅದರ ಕರೆಂಟನ್ನು ಹದಕ್ಕೆ ತಂದು ಬ್ಯಾಟರಿಗೆ ಕೊಡುವ ಹೊಸ ರೆಗ್ಯುಲೇಟರ್, ಬ್ಯಾಟರಿ, ಬಲ್ಬು, ಹಾರನ್. ಸ್ಪಾರ್ಕಿನ ಟೈಮಿಗೆ ಕರೆಂಟ್ ಕಡಿಯುವ ಪಾಯಿಂಟ್ಸ್ ಹಾಗೇ ಇರುತ್ತೆ ಅಂದರು. "ಎಲ್ಲಾ ಒಂದೇ ಕಿಟ್ಟಾ?" ಅಂತ ಕೇಳಿದೆ. "ಪೂರ್ತಿ ಕಿಟ್ ಸಾರ್, ಮ್ಯಾಚಿಂಗ್ ಪೀಸು" ಅಂದರು.

ಗಾಡಿ ಕೈಗೆ ಬಂದ ದಿನ ಊರೊಳಗೆ ಸೊಗಸಾಗಿ ಓಡಿತು. ಲೈಟು ಬೆಳ್ಳಗೆ, ಹಾರನ್ ಗಟ್ಟಿ. ಮುಳಬಾಗಿಲಿಗೆ ಹೋಗಿ ವಾಪಸ್ ಬರುವಾಗ ಕತ್ತಲಾಯಿತು, ಲೈಟ್ ಹಾಕಿದೆ. ಸ್ವಲ್ಪ ದೂರ ಬರುವಷ್ಟರಲ್ಲಿ ಇಂಜಿನ್ ಮಿಸ್ ಹೊಡೆಯೋಕೆ ಶುರು. ಲೈಟು ಕೆಂಪಗಾಯಿತು. ಆಮೇಲೆ ಪೂರ್ತಿ ಬಂದ್. ರೆಗ್ಯುಲೇಟರ್ ಮುಟ್ಟಿದರೆ ಬೆರಳು ಸುಡುತ್ತಿತ್ತು, ಸ್ಪಾರ್ಕ್ ಹುಟ್ಟಿಸುವ ಇಗ್ನಿಷನ್ ಕಾಯಿಲೂ ಹಾಗೇ. ಕವರ್ ಹತ್ತಿರ ಮೂಗಿಟ್ಟರೆ ವಾರ್ನಿಷ್ ಸುಟ್ಟ ವಾಸನೆ. ಕೋಲಾರದ ಎಪಿಎಂಸಿ ಕಡೆ ಖಾಲಿ ಟೊಮೆಟೊ ಕ್ರೇಟ್ ತರುತ್ತಿದ್ದ ಟಾಟಾ ಏಸ್‌ನವರು ಪುಣ್ಯಾತ್ಮರು, ಗಾಡಿ ಹತ್ತಿಸಿಕೊಂಡರು. ಡೀಸೆಲ್‌ಗೂ ದುಡ್ಡು ತೆಗೆದುಕೊಳ್ಳಲಿಲ್ಲ.

ಕೆಜಿಎಫ್‌ನಲ್ಲಿ ಮೋಟರ್ ವೈಂಡಿಂಗ್ ಮಾಡುವವರೊಬ್ಬರು ಕವರ್ ಬಿಚ್ಚಿ ತೋರಿಸಿದಾಗ ನಿಜ ಹೊರಗೆ ಬಂತು. ಆಲ್ಟರ್ನೇಟರ್ ಕಾಯಿಲ್‌ಗೆ ಎರಡು ತುದಿ. ನನ್ನ ಪ್ಲೇಟಿನಲ್ಲಿ ಒಂದು ತುದಿಯನ್ನು ಅಲ್ಲೇ ಇಂಜಿನ್ ಬಾಡಿಗೆ ತಾಗುವ ಹಾಗೆ ಬೆಸುಗೆ ಹಾಕಿತ್ತು. ಅಂಥದಕ್ಕೆ ಹಾಫ್ ವೇವ್, ಅಂದರೆ ಕಾಯಿಲಿನ ಹಿಂದೆಮುಂದೆ ಹರಿಯುವ ಕರೆಂಟಿನಲ್ಲಿ ಅರ್ಧ ಮಾತ್ರ ಬಳಸುವ ರೆಗ್ಯುಲೇಟರ್ ಬೇಕು. ಗ್ಯಾರೇಜಿನವರು ಕೂರಿಸಿದ್ದು ಬೇರೆ ಯಾವುದೋ ಬೈಕಿನ, ಎರಡೂ ಅರ್ಧ ಬಳಸುವ ಫುಲ್ ವೇವ್ ರೆಗ್ಯುಲೇಟರ್. ಫುಲ್ ವೇವ್‌ಗೆ ಎರಡೂ ತುದಿ ಬಾಡಿಗೆ ತಾಗದೆ ಹೊರಗೆ ಬರಬೇಕು. ತಾಗಿದರೆ ಕಾಯಿಲಿನ ಕರೆಂಟ್ ಅರ್ಧ ಹೊತ್ತು ರೆಗ್ಯುಲೇಟರ್ ಒಳಗಿನ ಡಯೋಡ್ (ಒಂದೇ ಕಡೆಗೆ ಕರೆಂಟ್ ಬಿಡುವ ಪೀಸು) ಮೂಲಕ ಸೀದಾ ಶಾರ್ಟ್ ಆಗುತ್ತದೆ. ಚಾರ್ಜ್ ಅರೆಬರೆ, ಬಿಸಿ ಮಾತ್ರ ಭರ್ತಿ. ಹಗಲು ಲೈಟ್ ಇಲ್ಲದೆ ಓಡಿಸಿದರೆ ಗೊತ್ತೇ ಆಗಲ್ಲ. ತಾಮ್ರದ ತಂತಿ ಒಂದು ಕಡೆ ಕಪ್ಪಗೆ ಇದ್ದಿಲಾಗಿತ್ತು.

ಇನ್ನೊಂದು ಕಳ್ಳಾಟ ಇಗ್ನಿಷನ್ ಕಾಯಿಲ್‌ನದು. ಬಿಲ್ಲಿನಲ್ಲಿ ಹೊಸದು ಅಂತ ಬರೆದಿದ್ದಾರೆ, ಗಾಡಿಯಲ್ಲಿದ್ದದ್ದು ಅದೇ ಹಳೇ 6 ವೋಲ್ಟ್ ಕಾಯಿಲ್, ಮೇಲೊಂದು ಕಪ್ಪು ಪೇಂಟ್. 6 ವೋಲ್ಟ್ ಕಾಯಿಲ್‌ಗೆ 12 ಕೊಟ್ಟರೆ ಕರೆಂಟ್ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು. ಪಾಯಿಂಟ್ಸೂ ಸುಟ್ಟು ಗುಳಿ ಬಿದ್ದಿತ್ತು.

ಹಳೇ ಡೈನಮೋ ವಾಪಸ್ ಕೊಡಿ, ಮೊದಲಿನ ಹಾಗೇ ಕೂರಿಸಿಕೊಳ್ತೀನಿ ಅಂದರೆ, "ಅದನ್ನ ಗುಜರಿಗೆ ಹಾಕಿಬಿಟ್ವಿ ಸಾರ್" ಅನ್ನೋದಾ! ಇದೇ ನನಗೆ ಹೊಟ್ಟೆ ಉರಿದಿದ್ದು. ಈ ಗಾಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಡೈನಮೋದ ಒರಿಜಿನಲ್ ಆರ್ಮೇಚರ್ (ಒಳಗೆ ತಿರುಗುವ ಭಾಗ), ಫೀಲ್ಡ್ ಕಾಯಿಲ್ (ಅದರ ಸುತ್ತಲಿನ ಕಾಯಿಲ್) ಈಗ ಯಾವ ಅಂಗಡಿಯಲ್ಲೂ ಸುಲಭಕ್ಕೆ ಸಿಗಲ್ಲ. ಸಿಕ್ಕರೂ ಅದು ಯಾರದೋ ಗಾಡಿಯಿಂದ ಹೀಗೇ "ಗುಜರಿಗೆ ಹೋದ" ಮಾಲೇ ಇರಬೇಕು ಅಂತ ನನ್ನ ಅನುಮಾನ.

ಹಾಗಾಗಿ ಬಿಚ್ಚುವಾಗ ಪಕ್ಕದಲ್ಲೇ ನಿಂತಿರಿ, ತೆಗೆದ ಪ್ರತಿ ಪೀಸನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ತನ್ನಿ. ಮಲ್ಟಿಮೀಟರ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಲೇಬೇಡಿ. ರೆಗ್ಯುಲೇಟರ್ ಜೋಡಿಸುವ ಮುಂಚೆ ಕಾಯಿಲ್ ತುದಿಗೂ ಇಂಜಿನ್ ಬಾಡಿಗೂ ಮೀಟರ್ ಇಟ್ಟು ನೋಡಿಸಿ. ಬೀಪ್ ಅಂದರೆ ಫುಲ್ ವೇವ್ ಹಾಕೋ ಹಾಗಿಲ್ಲ. ಕೆಲಸ ಮುಗಿದ ಮೇಲೆ ಹೆಡ್‌ಲೈಟ್ ಹಾಕಿ, ಆಕ್ಸಿಲರೇಟರ್ ಕೊಟ್ಟು, ಬ್ಯಾಟರಿ ಮೇಲೆ ಅಳೆಯಿರಿ. 13.8ರಿಂದ 14.5 ವೋಲ್ಟ್ ಒಳಗಿದ್ದರೆ ಸರಿ. 13ಕ್ಕಿಂತ ಕೆಳಗಿದ್ದರೆ ಚಾರ್ಜ್ ಆಗುತ್ತಿಲ್ಲ, 15 ದಾಟಿದರೆ ಬ್ಯಾಟರಿ ಕುದಿಯುತ್ತದೆ. ದುಡ್ಡು ಎಣಿಸೋದು ಇದಾದ ಮೇಲೆ.

ಇನ್ನೊಂದು ಮಾತು ಆ ವೈಂಡಿಂಗ್‌ನವರೇ ಹೇಳಿದ್ದು. ಹಳೇ ಡೈನಮೋಗೆ ಕಾರ್ಬನ್ ಬ್ರಷ್ ಬದಲಾಯಿಸಿ, ಸ್ವಿಚ್ಚು, ಅರ್ತ್ ಉಜ್ಜಿ ಕ್ಲೀನ್ ಮಾಡಿದ್ದರೆ ಲೈಟು ಅರ್ಧಕ್ಕರ್ಧ ಸರಿಹೋಗುತ್ತಿತ್ತಂತೆ. ಗ್ಯಾರೇಜಿನವರು ಅದರ ಮಾತೇ ಎತ್ತಲಿಲ್ಲ. ಅದರಲ್ಲಿ ಅವರಿಗೇನು ಲಾಭ, ಅಲ್ವಾ?

ಯೆಜ್ಡಿ 250ರ 6 ವೋಲ್ಟ್ ಆರ್ಮೇಚರ್, ಫೀಲ್ಡ್ ಕಾಯಿಲ್ ಯಾರ ಹತ್ತಿರವಾದರೂ ಸುಮ್ನೆ ಬಿದ್ದಿದ್ದರೆ ದಯವಿಟ್ಟು ತಿಳಿಸಿ. ವೈಂಡಿಂಗ್ ಸುಟ್ಟಿದ್ದರೂ ಪರವಾಗಿಲ್ಲ, ಸುತ್ತಿಸಿಕೊಳ್ತೀನಿ.