ಪರ್ಷಿಯನ್ ಬೆಕ್ಕು, ಕಪ್ಪು ವೆಲ್ವೆಟ್ ಬ್ಲೌಸು: ಎರಡು ವರ್ಷದ ಅನುಭವ

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಪರ್ಷಿಯನ್ ಬೆಕ್ಕು ತರುವ ಮುಂಚೆ ಯಾರಾದರೂ ಒಂದು ಮಾತು ಕೇಳಬೇಕಿತ್ತು: "ನೀನು ಕಪ್ಪು ವೆಲ್ವೆಟ್ ಹೊಲಿಯುತ್ತೀಯಾ?" ಯಾರೂ ಕೇಳಲಿಲ್ಲ. ಈಗ ಮಿಷನ್ ಪಕ್ಕ ಅಗಲದ ಟೇಪ್ ಇಟ್ಟುಕೊಂಡಿದ್ದೇನೆ. ಬ್ಲೌಸ್ ಕೊಡುವ ಮುಂಚೆ ಟೇಪ್ ಒತ್ತಿ ಕೂದಲು ಕೀಳುವುದು ಹುಕ್ಸ್ ಹಾಕುವಷ್ಟೇ ಮಾಮೂಲಿ ಕೆಲಸ.

ಬೆಕ್ಕಿನ ಹೆಸರು ಬೆಣ್ಣೆ. ಬಣ್ಣವೂ ಅದೇ, ಊರೂ ಅದಕ್ಕೇ ಹೆಸರುವಾಸಿ ಅಲ್ವಾ. ಅಂಗಡಿಯಲ್ಲಿ ಎರಡು ಥರ ತೋರಿಸಿದ್ದರು. ಡಾಲ್ ಫೇಸ್ ಅಂದರೆ ಮೂಗು ಸ್ವಲ್ಪ ಎದ್ದು ಕಾಣುತ್ತದೆ. ಪಂಚ್ ಫೇಸ್ ಅಂದರೆ ಗೋಡೆಗೆ ಒತ್ತಿದ ಹಾಗೆ ಚಪ್ಪಟೆ ಮುಖ. ಪಂಚ್‌ಗೆ ರೇಟು ಎರಡರಷ್ಟು. ಕೈಯಲ್ಲಿ ಇದ್ದದ್ದು 12,000 ರೂಪಾಯಿ, ಡಾಲ್ ತಗೊಂಡೆ, ಬಚಾವಾದೆ. ಮುಖ ಚಪ್ಪಟೆಯಾದಷ್ಟೂ ಉಸಿರಾಟ ಕಷ್ಟ, ಕಣ್ಣೀರು ಒಳಗೆ ಇಳಿಯದೆ ಹೊರಗೇ ಸುರಿಯುತ್ತದೆ. ನಮ್ಮ ಬೆಣ್ಣೆಗೇ ದಿನಾ ಬೆಳಿಗ್ಗೆ ಕಂದು ಪಿಸುರು. ಉಗುರುಬೆಚ್ಚಗಿನ ನೀರು, ಹತ್ತಿ, ಒಂದು ಕಣ್ಣಿಗೆ ಒಂದು ಉಂಡೆ.

ಆಮೇಲೆ ಬಾಚುವುದು. ಸ್ಟೀಲ್ ಬಾಚಣಿಗೆ, ದಿನಕ್ಕೆ ಹದಿನೈದು ನಿಮಿಷ. ಬೆನ್ನು ಯಾರು ಬೇಕಾದರೂ ಬಾಚುತ್ತಾರೆ. ಗಂಟು ಕಟ್ಟುವುದು ಕಿವಿ ಹಿಂದೆ, ಕಂಕುಳಲ್ಲಿ, ತೊಡೆ ಸಂದಿಯಲ್ಲಿ. ದೀಪಾವಳಿ ಹೊಲಿಗೆ ಗಲಾಟೆಯಲ್ಲಿ ಹತ್ತು ದಿನ ಬಿಟ್ಟೆ. ಕಂಕುಳಲ್ಲಿ ಒದ್ದೆ ಉಣ್ಣೆಯಂಥ ಉಂಡೆ! ಕತ್ತರಿ ಎತ್ತಿಯೇಬಿಟ್ಟಿದ್ದೆ. ಯಾಕೋ ಭಯವಾಗಿ ಡಾಕ್ಟರ್ ಹತ್ತಿರ ಹೋದರೆ ಚೆನ್ನಾಗಿ ಬೈಸಿಕೊಂಡೆ. ಬೆಕ್ಕಿನ ಚರ್ಮ ತೆಳು, ಗಂಟು ಎಳೆದರೆ ಅದೂ ಮೇಲೆದ್ದು ಬರುತ್ತದಂತೆ. ಲೈನಿಂಗ್ ಮಡಿಕೆ ಸಿಕ್ಕಿಕೊಂಡು ಕತ್ತರಿ ಹಾಯುವ ಹಾಗೆ. ಅವರು ಟ್ರಿಮ್ಮರ್‌ನಲ್ಲಿ ತೆಗೆದರು.

ಬೇಸಿಗೆ ಬೆಣ್ಣೆಗೆ ಆಗಿಬರುವುದಿಲ್ಲ. ಏಪ್ರಿಲ್ ತುಂಬಾ ಬಚ್ಚಲುಮನೆ ನೆಲದ ಮೇಲೆ ಚಪಾತಿ ಹಾಗೆ ಬಿದ್ದಿರುತ್ತದೆ.

ಗುಣ ಮಾತ್ರ ಬಂಗಾರ. ಪರದೆ ಹತ್ತುವುದಿಲ್ಲ, ಮಿಷನ್ ಸದ್ದಿಗೆ ಬೆದರುವುದಿಲ್ಲ. ಗೆಳತಿಯ ಸಯಾಮೀಸ್ ತಳಿಯ ಬೆಕ್ಕು ದಿನವಿಡೀ ಮಾತಾಡುತ್ತದೆ, ಒಂಟಿ ಇರುವವರಿಗೆ ಅದೇ ಸರಿ. ಮಗಳಿಗೆ ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್ ಬೆಕ್ಕು ಬೇಕಿತ್ತು. ಕಿವಿ ಮಡಚುವ ದೋಷವೇ ಕೀಲುಗಳನ್ನೂ ಕೆಡಿಸುತ್ತದೆ ಎಂದು ಗೊತ್ತಾದ ಮೇಲೆ ನಾನೇ ಬೇಡ ಅಂದೆ.

ಅಂಗಡಿಗೆ ಎರಡು ಸ್ಟಾರ್, ಅದೂ ಜಾಸ್ತಿ. "ತಳಿಯ ಪೇಪರ್ ಇದೆ ಅಕ್ಕ" ಅಂದವರು ಕೊಟ್ಟಿದ್ದು ಬರೀ ಲಸಿಕೆ ಕಾರ್ಡು. ಲಸಿಕೆ ಬಾಟಲಿ ಮೇಲಿನ ಸ್ಟಿಕರ್ ಅದರಲ್ಲಿ ಅಂಟಿಸಿರಬೇಕು, ಡಾಕ್ಟರ್ ಸಹಿ ಇರಬೇಕು. ನಮ್ಮದರಲ್ಲಿ ಒಂದೇ ಪೆನ್ನಿನಲ್ಲಿ ಬರೆದ ಮೂರು ತಾರೀಖು, ಅಷ್ಟೇ. ಎಲ್ಲಾ ಲಸಿಕೆ ಮೊದಲಿಂದ ಹಾಕಿಸಿದೆವು. ತಾಯಿ ಬೆಕ್ಕನ್ನೂ ತೋರಿಸಲಿಲ್ಲ. ಪರ್ಷಿಯನ್‌ಗಳಲ್ಲಿ ಕಿಡ್ನಿ ತುಂಬಾ ನೀರುಗುಳ್ಳೆ ಏಳುವ ಒಂದು ಕಾಯಿಲೆ ವಂಶದಲ್ಲೇ ಬರುತ್ತದೆ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಮರಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಅದಕ್ಕೆ ಡಿಎನ್‌ಎ ಪರೀಕ್ಷೆಯೂ ಇದೆ. ಕೇಳಿದರೆ, "ಕಿಡ್ನಿ ಯಾಕಕ್ಕ, ಮುಖ ನೋಡಿ" ಅಂದರು.

ವರ್ಷ ತುಂಬಿದ ಮೇಲೆ ನಾನೇ ಸ್ಕ್ಯಾನ್ ಮಾಡಿಸಿದೆ. ಗುಳ್ಳೆ ಇಲ್ಲ. ಸ್ಕ್ಯಾನಿಗೆಂದು ಹೊಟ್ಟೆ ಕೂದಲು ಬೋಳಿಸಿದ್ದು ಮತ್ತೆ ಬೆಳೆಯಲು ಮೂರು ತಿಂಗಳಾಯಿತು. ಆ ಮೂರು ತಿಂಗಳು ವೆಲ್ವೆಟ್ ಸ್ವಲ್ಪ ಕ್ಲೀನಾಗಿತ್ತು.